ಕನ್ನಡ ಮಾಧ್ಯಮದಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿದ ಮಗಳಿಗೆ ಯಾವ ಪಿಯು ಕಾಲೇಜು: ದೂರದ ವಸತಿ ಕಾಲೇಜೋ, ತಾಲ್ಲೂಕಿನ ಸರ್ಕಾರಿ ಕಾಲೇಜೋ?

ಪ್ರಶ್ನೆ: ಹೊಸದುರ್ಗ ತಾಲ್ಲೂಕಿನ ಒಬ್ಬ ತಂದೆ

ಎಲ್ಲರಿಗೂ ನಮಸ್ಕಾರ. ನಾನು ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನ ತೆಂಗು ಬೆಳೆಗಾರ. ನನ್ನ ಮಗಳು ಒಂದನೆಯ ತರಗತಿಯಿಂದ ಹತ್ತನೆಯ ತರಗತಿಯವರೆಗೆ ನಮ್ಮೂರಿನ ಮತ್ತು ಪಕ್ಕದ ಊರಿನ ಸರ್ಕಾರಿ ಶಾಲೆಗಳಲ್ಲಿ ಕನ್ನಡ ಮಾಧ್ಯಮದಲ್ಲಿಯೇ ಓದಿ, ಈ ಬಾರಿಯ ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ 625ಕ್ಕೆ 582 ಅಂಕ ಪಡೆದಿದ್ದಾಳೆ. ಗಣಿತದಲ್ಲಿ 100ಕ್ಕೆ 98 ಬಂದಿದೆ. ನಮ್ಮ ಮನೆತನದಲ್ಲಿ ಇಷ್ಟು ಅಂಕ ತೆಗೆದವರು ಇವಳೇ ಮೊದಲಿಗಳು.

ಫಲಿತಾಂಶ ಬಂದ ದಿನದಿಂದ ಮನೆಯಲ್ಲಿ ಒಂದೇ ಚರ್ಚೆ ನಡೆದಿದೆ. ಕರಾವಳಿ ಕಡೆಯ ಒಂದು ವಸತಿ ಕಾಲೇಜಿನವರು ಎರಡು ಬಾರಿ ಫೋನ್ ಮಾಡಿ, ನೀಟ್ ಮತ್ತು ಸಿಇಟಿ ತರಬೇತಿಯೂ ಊಟ-ವಸತಿಯೂ ಸೇರಿ ವರ್ಷಕ್ಕೆ ಎರಡೂವರೆ ಲಕ್ಷ ರೂಪಾಯಿ ಆಗುತ್ತದೆಂದೂ, ಈ ವಾರದೊಳಗೆ 25,000 ರೂಪಾಯಿ ಮುಂಗಡ ಕಟ್ಟಿದರೆ ಮಾತ್ರ ಸೀಟು ಉಳಿಯುತ್ತದೆಂದೂ ಹೇಳಿದ್ದಾರೆ. ಎರಡು ವರ್ಷಕ್ಕೆ ಐದು ಲಕ್ಷವೆಂದರೆ ನಾನು ಸೊಸೈಟಿಯಲ್ಲಿ ಸಾಲ ಮಾಡಬೇಕು, ಜೊತೆಗೆ ಹೆಂಡತಿಯ ಒಡವೆಯನ್ನೂ ಅಡ ಇಡಬೇಕು. ಮಗಳಿಗಾಗಿ ಅದನ್ನು ಮಾಡಲು ನಾನು ಹಿಂಜರಿಯುವುದಿಲ್ಲ. ಆದರೆ ಮಾಡಿದ ಮೇಲೆ ಅದು ಅವಳಿಗೆ ಒಳ್ಳೆಯದಾಗುತ್ತದೆಯೇ ಎಂಬುದು ನನಗೆ ತಿಳಿಯುತ್ತಿಲ್ಲ. ಹೊಸದುರ್ಗದ ಸರ್ಕಾರಿ ಪದವಿಪೂರ್ವ ಕಾಲೇಜು ನಮ್ಮೂರಿನಿಂದ 14 ಕಿಲೋಮೀಟರ್ ದೂರದಲ್ಲಿದೆ, ಬೆಳಿಗ್ಗೆ ಮತ್ತು ಸಂಜೆ ಸರ್ಕಾರಿ ಬಸ್ಸು ಇದೆ. ನೆಂಟರೆಲ್ಲರೂ ಇಷ್ಟು ಅಂಕ ತೆಗೆದ ಮಗುವನ್ನು ಸರ್ಕಾರಿ ಕಾಲೇಜಿಗೆ ಹಾಕಿ ಹಾಳು ಮಾಡಬೇಡ ಎನ್ನುತ್ತಿದ್ದಾರೆ. ಪಿಯುಸಿಯನ್ನು ಇಂಗ್ಲಿಷ್ ಮಾಧ್ಯಮದಲ್ಲಿ, ಅದೂ ಬೇರೆ ಜಿಲ್ಲೆಯ ಪೇಟೆಯಲ್ಲಿ ಓದಿದರೆ ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಮೀಸಲಾತಿ ತಪ್ಪಿಹೋಗುತ್ತದೆ ಎಂದು ಒಬ್ಬರು ಹೇಳಿದ್ದು ಮತ್ತೊಂದು ಆತಂಕ. ತಿಳಿದವರು ದಯವಿಟ್ಟು ಬಿಡಿಸಿ ಹೇಳಬೇಕೆಂದು ಕೇಳಿಕೊಳ್ಳುತ್ತೇನೆ.

ಉತ್ತರ 1: ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ

ಮೊದಲಿಗೆ ನಿಮ್ಮ ಮಗಳಿಗೆ ನನ್ನ ಅಭಿನಂದನೆಗಳನ್ನು ತಿಳಿಸಿ. ನಾನು 31 ವರ್ಷ ಬೇರೆ ಬೇರೆ ತಾಲ್ಲೂಕುಗಳ ಸರ್ಕಾರಿ ಪದವಿಪೂರ್ವ ಕಾಲೇಜುಗಳಲ್ಲಿ ಪಾಠ ಮಾಡಿದವನು. ಪ್ರತಿ ವರ್ಷ ಮೇ ತಿಂಗಳಿನಲ್ಲಿ ನಿಮ್ಮಂಥ ತಂದೆತಾಯಿಯರು ಇದೇ ಪ್ರಶ್ನೆಯನ್ನು ಹೊತ್ತು ನನ್ನ ಮನೆಗೆ ಬರುತ್ತಿದ್ದರು.

ಮೀಸಲಾತಿಯ ಆತಂಕವನ್ನು ಈಗಲೇ ಬಿಟ್ಟುಬಿಡಿ. ವೃತ್ತಿಶಿಕ್ಷಣದ ಸೀಟು ಹಂಚಿಕೆಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಇರುವ ಶೇಕಡ 15 ಮತ್ತು ಕನ್ನಡ ಮಾಧ್ಯಮದವರಿಗೆ ಇರುವ ಶೇಕಡ 5ರ ಮೀಸಲಾತಿಗಳು ಒಂದರಿಂದ ಹತ್ತನೆಯ ತರಗತಿಯವರೆಗಿನ ವ್ಯಾಸಂಗವನ್ನು ಆಧರಿಸಿವೆ. ಆ ಹತ್ತು ವರ್ಷಗಳನ್ನು ನಿಮ್ಮ ಮಗಳು ಆಗಲೇ ಮುಗಿಸಿದ್ದಾಳೆ. ಪಿಯುಸಿಯನ್ನು ಅವಳು ಎಲ್ಲಿಯೇ, ಯಾವ ಮಾಧ್ಯಮದಲ್ಲಿಯೇ ಓದಿದರೂ ಆ ಹಕ್ಕು ಹೋಗುವುದಿಲ್ಲ. ಆದ್ದರಿಂದ ಕಾಲೇಜಿನ ಆಯ್ಕೆಗೂ ಮೀಸಲಾತಿಗೂ ನಂಟು ಹಾಕಬೇಡಿ.

ಎರಡನೆಯದಾಗಿ, ನಿಮ್ಮ ಪತ್ರದಲ್ಲಿ ಕಾಲೇಜಿನ ವಿಚಾರ ಬಹಳಷ್ಟಿದೆ, ಆದರೆ ಮಗಳಿಗೆ ಮುಂದೆ ಏನು ಓದುವ ಮನಸ್ಸಿದೆ ಎಂಬುದು ಎಲ್ಲಿಯೂ ಇಲ್ಲ. ಹದಿನಾರು ವರ್ಷದ ಮಗುವಿಗೆ ಅದು ಖಚಿತವಾಗಿ ತಿಳಿದಿರಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಯಾವ ಪರೀಕ್ಷೆಗಾಗಿ ಅವಳು ಎರಡು ವರ್ಷ ದುಡಿಯಬೇಕಾಗುತ್ತದೆ ಎಂಬುದರ ಮೇಲೆ ಯಾವ ಕಾಲೇಜು ಎಂಬುದು ನಿಲ್ಲುತ್ತದೆ. ವೈದ್ಯಕೀಯ ಸೀಟಿಗೆ 720 ಅಂಕಗಳ ನೀಟ್ ಒಂದೇ ದಾರಿ. ಅಲ್ಲಿ ಪಿಯುಸಿ ಅಂಕಗಳು ಅರ್ಹತೆಗೆ ಮಾತ್ರ ಬೇಕಾಗುತ್ತವೆಯೇ ಹೊರತು ರ‍್ಯಾಂಕಿಗೆ ಸೇರುವುದಿಲ್ಲ, ತಪ್ಪು ಉತ್ತರಕ್ಕೆ ಅಂಕವನ್ನೂ ಕಳೆಯುತ್ತಾರೆ. ಕರ್ನಾಟಕದ ಸಿಇಟಿ ಮೂಲಕ ಸಿಗುವ ಎಂಜಿನಿಯರಿಂಗ್ ಸೀಟಿನ ಲೆಕ್ಕವೇ ಬೇರೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳಲ್ಲಿ ಪಿಯುಸಿಯಲ್ಲಿ ಗಳಿಸಿದ ಅಂಕಕ್ಕೆ ಅರ್ಧ ಪಾಲು, 180 ಅಂಕಗಳ ಸಿಇಟಿಗೆ ಅರ್ಧ ಪಾಲು ಕೊಟ್ಟು ರ‍್ಯಾಂಕು ಹಾಕುತ್ತಾರೆ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ.

ಇದರ ಅರ್ಥವನ್ನು ಒಂದು ಉದಾಹರಣೆಯಿಂದ ಹೇಳುತ್ತೇನೆ. ಒಬ್ಬಳು ಪಿಯುಸಿಯ ಮೂರು ವಿಷಯಗಳಲ್ಲಿ 300ಕ್ಕೆ 270 ತೆಗೆದು, ಸಿಇಟಿಯಲ್ಲಿ 180ಕ್ಕೆ 90 ಪಡೆದಳೆಂದುಕೊಳ್ಳಿ. ಅವಳ ಲೆಕ್ಕ 45 ಮತ್ತು 25 ಸೇರಿ 70 ಆಗುತ್ತದೆ. ಇನ್ನೊಬ್ಬಳು ತರಬೇತಿಗೇ ಹೆಚ್ಚು ಸಮಯ ಕೊಟ್ಟು ಸಿಇಟಿಯಲ್ಲಿ 108 ಪಡೆದು, ಪಿಯುಸಿಯಲ್ಲಿ 216ಕ್ಕೆ ನಿಂತಳೆಂದರೆ ಅವಳದು 36 ಮತ್ತು 30 ಸೇರಿ 66. ಸಿಇಟಿಯಲ್ಲಿ ಮುಂದಿದ್ದವಳು ರ‍್ಯಾಂಕಿನಲ್ಲಿ ಹಿಂದೆ ಬಿದ್ದಳು. ನಿಮ್ಮ ಮಗಳ ಒಲವು ಎಂಜಿನಿಯರಿಂಗ್ ಕಡೆಗಿದ್ದರೆ, ಪಿಯುಸಿ ಪಾಠವನ್ನು ನೆಟ್ಟಗೆ ನಡೆಸುವ ಕಾಲೇಜು ಅವಳಿಗೆ ಅರ್ಧ ಸಿಇಟಿಯನ್ನು ಕಲಿಸಿದಂತೆಯೇ. ಇದನ್ನು ಬಹಳ ತಂದೆತಾಯಿಯರು ಗಮನಿಸುವುದಿಲ್ಲ.

ಈಗ ಸರ್ಕಾರಿ ಕಾಲೇಜಿನ ಮಾತು. ಸರ್ಕಾರಿ ಕಾಲೇಜಿಗೆ ಹಾಕಿದರೆ ಹಾಳಾಗುತ್ತಾಳೆ ಎನ್ನುವುದು ತಪ್ಪು, ಯಾವ ಸರ್ಕಾರಿ ಕಾಲೇಜಾದರೂ ಸರಿ ಎನ್ನುವುದೂ ಅಷ್ಟೇ ತಪ್ಪು. ನೀವೇ ಒಂದು ದಿನ ಮಗಳನ್ನು ಕರೆದುಕೊಂಡು ಕಾಲೇಜಿಗೆ ಹೋಗಿ ಪ್ರಾಂಶುಪಾಲರನ್ನು ಭೇಟಿಯಾಗಿ. ನಾಲ್ಕು ವಿಜ್ಞಾನ ವಿಷಯಗಳಿಗೂ ಖಾಯಂ ಉಪನ್ಯಾಸಕರು ಇದ್ದಾರೆಯೇ ಎಂದು ಕೇಳಿ. ಖಾಲಿ ಇರುವ ಹುದ್ದೆಗೆ ಅತಿಥಿ ಉಪನ್ಯಾಸಕರು ಬರುತ್ತಾರೆ ಎಂದರೆ, ಕಳೆದ ವರ್ಷ ಅವರು ಯಾವ ತಿಂಗಳಿನಲ್ಲಿ ಬಂದರು ಎಂಬುದನ್ನೂ ಕೇಳಿ. ಜೂನ್‌ನಲ್ಲಿ ಶುರುವಾಗಬೇಕಾದ ಪಾಠ ಆಗಸ್ಟ್‌ನಲ್ಲಿ ಶುರುವಾದರೆ, ಎಷ್ಟೇ ಒಳ್ಳೆಯ ಉಪನ್ಯಾಸಕರಾದರೂ ಪಾಠಗಳನ್ನು ಓಡಿಸಬೇಕಾಗುತ್ತದೆ. ಆಮೇಲೆ ಪ್ರಯೋಗಾಲಯ ತೋರಿಸಿ ಎಂದು ಕೇಳಿ. ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳಲ್ಲಿ 70 ಅಂಕ ಲಿಖಿತ ಪರೀಕ್ಷೆಗೆ, 30 ಅಂಕ ಪ್ರಾಯೋಗಿಕ ಪರೀಕ್ಷೆಗೆ. ಮೀಟರ್ ಬ್ರಿಡ್ಜ್ ಮೇಲೆ ದೂಳು ಕೂತಿದೆಯೋ, ಲವಣ ವಿಶ್ಲೇಷಣೆಯ ಬಾಟಲಿಗಳಲ್ಲಿ ದ್ರಾವಣ ಇದೆಯೋ ಇಲ್ಲವೋ ಎಂದು ನೋಡಿದರೆ ಸಾಕು, ಆ ಕಾಲೇಜಿನಲ್ಲಿ ಮಕ್ಕಳ ಕೈಯಲ್ಲಿ ಪ್ರಯೋಗ ಮಾಡಿಸುತ್ತಾರೆಯೋ ಅಥವಾ ಪರೀಕ್ಷೆಯ ಹಿಂದಿನ ವಾರ ದಾಖಲೆ ಪುಸ್ತಕ ನಕಲು ಮಾಡಿಸುತ್ತಾರೆಯೋ ಎಂಬುದು ತಿಳಿದುಹೋಗುತ್ತದೆ. ಇದೇ ಪರಿಶೀಲನೆ ಎರಡೂವರೆ ಲಕ್ಷ ಕೇಳುವ ಕಾಲೇಜಿಗೂ ಅನ್ವಯಿಸುತ್ತದೆ. ಅಲ್ಲಿಯೂ ಪ್ರಯೋಗಾಲಯದ ಬಾಗಿಲು ತೆರೆಸಿ ನೋಡಿ.

ವಸತಿ ಕಾಲೇಜಿನವರು ನಿಮಗೆ ಫಲಿತಾಂಶದ ಫ್ಲೆಕ್ಸ್ ತೋರಿಸುತ್ತಾರೆ. ಅದರಲ್ಲಿರುವ ಮುಖಗಳು ನಿಜವಾದವುಗಳೇ. ಆದರೆ ಆ ವರ್ಷ ಒಟ್ಟು ಎಷ್ಟು ಮಂದಿ ಓದುತ್ತಿದ್ದರು, ಆ ಮುಖಗಳಲ್ಲಿ ಪಿಯುಸಿ ಮುಗಿಸಿ ಒಂದು ವರ್ಷ ಲಾಂಗ್ ಟರ್ಮ್ ತರಬೇತಿ ಪಡೆದವರು ಎಷ್ಟು, ನಿಮ್ಮ ಮಗಳಂತೆ ಕನ್ನಡ ಮಾಧ್ಯಮದಿಂದ ಬಂದವರು ಎಷ್ಟು ಎಂಬುದು ಫ್ಲೆಕ್ಸ್‌ನಲ್ಲಿ ಇರುವುದಿಲ್ಲ. ಈ ಮೂರನ್ನೂ ನೇರವಾಗಿ ಕೇಳಿ. ಉತ್ತರ ಕೊಡಲು ಅವರು ಸಿದ್ಧರಿದ್ದರೆ ಅದು ಒಳ್ಳೆಯ ಲಕ್ಷಣ. ಈ ವಾರದೊಳಗೆ ಮುಂಗಡ ಕಟ್ಟಿ ಎಂಬ ಅವಸರವನ್ನು ಮಾತ್ರ ನಾನು ಯಾವ ಕಾರಣಕ್ಕೂ ಒಪ್ಪುವುದಿಲ್ಲ.

ಕೊನೆಗೆ ಭಾಷೆಯ ವಿಚಾರ. ಇದನ್ನು ಕೊನೆಗೆ ಇಟ್ಟಿದ್ದರೂ ನಿಮ್ಮ ಮಗಳ ಪಾಲಿಗೆ ಮುಖ್ಯವಾದದ್ದು ಇದೇ. ಪೀನ ಮಸೂರ, ವಕ್ರೀಭವನ, ವಿಭವಾಂತರ, ಸಂವೇಗ ಎಂದು ಕಲಿತ ಮಗು ಜೂನ್ ಮೊದಲ ವಾರದಲ್ಲಿ ಕಾನ್ವೆಕ್ಸ್ ಲೆನ್ಸ್, ರಿಫ್ರ್ಯಾಕ್ಷನ್, ಪೊಟೆನ್ಷಿಯಲ್ ಡಿಫರೆನ್ಸ್, ಮೊಮೆಂಟಮ್ ಎಂಬ ಪದಗಳನ್ನು ಕೇಳಿದಾಗ, ತನಗೆ ಗೊತ್ತಿರುವ ವಿಷಯವೇ ಗೊತ್ತಿಲ್ಲದಂತೆ ಕಂಗಾಲಾಗುತ್ತದೆ. ಮೊದಲ ಕಿರುಪರೀಕ್ಷೆಯಲ್ಲಿ ಅಂಕ ಕುಸಿದಾಗ ತನಗೆ ವಿಜ್ಞಾನ ಬರುವುದಿಲ್ಲ ಎಂದು ನಂಬಿಬಿಡುತ್ತದೆ. ಹೀಗೆ ನಂಬಿ ಆಗಸ್ಟ್‌ನಲ್ಲಿ ಕಲಾ ವಿಭಾಗಕ್ಕೆ ಹೋದ ಜಾಣ ಮಕ್ಕಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವರು ಕಲೆಯನ್ನು ಬಯಸಿ ಹೋಗಿದ್ದರೆ ನನಗೆ ಸಂತೋಷವಾಗುತ್ತಿತ್ತು. ಅವರು ಹೋಗಿದ್ದು ಹೆದರಿಕೆಯಿಂದ. ಆದ್ದರಿಂದ ಕನ್ನಡ ಮಾಧ್ಯಮದ ಮಕ್ಕಳಿಗೆ ಮೊದಲ ಎರಡು ತಿಂಗಳು ಎರಡೂ ಭಾಷೆಯಲ್ಲಿ ಪಾಠ ಹೇಳುವ ಉಪನ್ಯಾಸಕರು ಎಲ್ಲಿದ್ದಾರೆ ಎಂಬುದೇ ನಿಮ್ಮ ಮೊದಲ ಪ್ರಶ್ನೆಯಾಗಲಿ. ಸರ್ಕಾರಿ ಕಾಲೇಜಿನಲ್ಲಿ ತರಗತಿಯ ಬಹುಪಾಲು ಮಕ್ಕಳು ಹಾಗೆ ಬಂದವರೇ ಆಗಿರುವುದರಿಂದ ಅಲ್ಲಿ ಇದು ತಾನಾಗಿಯೇ ನಡೆಯುವುದುಂಟು.

ಉತ್ತರ 2: ಎಂಜಿನಿಯರಿಂಗ್ ಅಂತಿಮ ವರ್ಷದ ವಿದ್ಯಾರ್ಥಿನಿ, ಹಾವೇರಿ ಜಿಲ್ಲೆ

ನಮಸ್ಕಾರ ಅಂಕಲ್. ನಾನು ನಿಮ್ಮ ಮಗಳ ಹಾಗೆಯೇ ಹಳ್ಳಿಯ ಕನ್ನಡ ಶಾಲೆಯಿಂದ ಒಳ್ಳೆಯ ಅಂಕ ಪಡೆದು, ಮನೆಯವರು ಸಾಲ ಮಾಡಿ ಸೇರಿಸಿದ ಒಂದು ವಸತಿ ಕಾಲೇಜಿನಲ್ಲಿ ಪ್ರಥಮ ಪಿಯುಸಿ ಓದಿದವಳು. ಕಾಲೇಜಿನ ಹೆಸರು ಹೇಳುವುದಿಲ್ಲ, ಹೇಳುವ ಅಗತ್ಯವೂ ಇಲ್ಲ.

ಬೆಳಿಗ್ಗೆ ಐದೂವರೆಗೆ ಎದ್ದು ಆರು ಗಂಟೆಗೆ ಓದಲು ಕೂರಬೇಕಿತ್ತು, ರಾತ್ರಿ ಹತ್ತಕ್ಕೆ ದೀಪ ಆರಿಸುತ್ತಿದ್ದರು. ಅದು ನನಗೆ ಕಷ್ಟವಾಗಲಿಲ್ಲ, ಮನೆಯಲ್ಲಿಯೂ ಬೇಗ ಏಳುವ ರೂಢಿ ಇತ್ತು. ಕಷ್ಟವಾಗಿದ್ದು ಪ್ರತಿ ವಾರದ ಪರೀಕ್ಷೆಯ ನಂತರ ಸೆಕ್ಷನ್ ಬದಲಾಗುತ್ತಿದ್ದದ್ದು. ಮೊದಲ ಸೆಕ್ಷನ್‌ಗೆ ಹೆಸರಾಂತ ಅಧ್ಯಾಪಕರು, ಕೊನೆಯ ಸೆಕ್ಷನ್‌ಗೆ ಆಗಷ್ಟೇ ಓದು ಮುಗಿಸಿ ಬಂದವರು. ಇಂಗ್ಲಿಷ್ ಪ್ರಶ್ನೆಯನ್ನು ಎರಡು ಸಲ ಓದಿ ಅರ್ಥ ಮಾಡಿಕೊಳ್ಳಬೇಕಾಗಿದ್ದ ನನಗೆ ಸಮಯ ಸಾಲದೆ, ಜುಲೈ ಮುಗಿಯುವುದರೊಳಗೆ ಕೊನೆಯ ಸೆಕ್ಷನ್‌ಗೆ ಬಂದಿದ್ದೆ. ನಮ್ಮನ್ನು ಕಾಲೇಜಿಗೆ ಸೇರಿಸಿಕೊಳ್ಳುವಾಗ ತೋರಿಸಿದ್ದ ಅಧ್ಯಾಪಕರು ಆಮೇಲೆ ನಮ್ಮ ಕೋಣೆಗೆ ಒಮ್ಮೆಯೂ ಬರಲಿಲ್ಲ. ಅಪ್ಪ ಕಟ್ಟಿದ ಶುಲ್ಕ ಮಾತ್ರ ಎಲ್ಲ ಸೆಕ್ಷನ್‌ನವರಿಗೂ ಒಂದೇ ಆಗಿತ್ತು. ವಾರಕ್ಕೊಮ್ಮೆ ಹತ್ತು ನಿಮಿಷ ಫೋನಿನಲ್ಲಿ ಮಾತನಾಡಲು ಬಿಡುತ್ತಿದ್ದರು. ಆ ಹತ್ತು ನಿಮಿಷದಲ್ಲಿ ಸಾಲದ ಬಗ್ಗೆ ಯೋಚಿಸಿ, ಚೆನ್ನಾಗಿದ್ದೇನೆ ಎಂದು ಹೇಳಿ ಇಡುತ್ತಿದ್ದೆ.

ಪ್ರಥಮ ಪಿಯುಸಿ ಮುಗಿದ ಮೇಲೆ ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ವರ್ಗಾವಣೆ ಪತ್ರ ಕೇಳಲು ಹೋದಾಗ, ಎರಡನೆಯ ವರ್ಷದ ಶುಲ್ಕದಲ್ಲಿಯೂ ಒಂದು ಪಾಲು ಕಟ್ಟಿಸಿಕೊಂಡ ಮೇಲೆಯೇ ಅದನ್ನು ಕೊಟ್ಟರು. ದ್ವಿತೀಯ ಪಿಯುಸಿಯನ್ನು ನಮ್ಮ ತಾಲ್ಲೂಕಿನ ಒಂದು ಅನುದಾನಿತ ಕಾಲೇಜಿನಲ್ಲಿ ಓದಿ, ಗಣಿತದಲ್ಲಿ 100ಕ್ಕೆ 97 ತೆಗೆದು, ಸಿಇಟಿಯಲ್ಲಿ ಬಂದ ರ‍್ಯಾಂಕಿನಿಂದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸೀಟು ಪಡೆದೆ. ಈಗ ಸಿವಿಲ್ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೇನೆ.

ನನ್ನ ಕೋಣೆಯಲ್ಲಿದ್ದ ಇಬ್ಬರು ಅಲ್ಲಿಯೇ ಮುಂದುವರಿದು ಒಳ್ಳೆಯ ರ‍್ಯಾಂಕು ತೆಗೆದರು ಎಂಬುದನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಇಬ್ಬರೂ ಇಂಗ್ಲಿಷ್ ಮಾಧ್ಯಮದವರು, ಎಂಟನೆಯ ತರಗತಿಯಿಂದಲೇ ಹಾಸ್ಟೆಲ್‌ನಲ್ಲಿ ಇದ್ದವರು. ಅವರಿಗೆ ಸರಿಹೋಗಿದ್ದು ನನಗೆ ಸರಿಹೋಗಲಿಲ್ಲ. ನೀವು ಅಲ್ಲಿಗೇ ಸೇರಿಸುವುದಾದರೆ ಎರಡು ವಿಷಯಗಳನ್ನು ಬರವಣಿಗೆಯಲ್ಲಿ ಪಡೆಯಿರಿ: ಸೆಕ್ಷನ್ ಬದಲಾದರೆ ಪಾಠ ಮಾಡುವವರೂ ಬದಲಾಗುತ್ತಾರೆಯೇ, ಮತ್ತು ಮಧ್ಯದಲ್ಲಿ ಬಿಟ್ಟರೆ ಎಷ್ಟು ಹಣ ಹಿಂದಿರುಗಿಸುತ್ತಾರೆ.

ಉತ್ತರ 3: ಉಡುಪಿ ಜಿಲ್ಲೆಯ ಒಬ್ಬ ತಾಯಿ

ಮೇಲಿನ ಹುಡುಗಿಯ ಅನುಭವ ಓದಿ ಮನಸ್ಸಿಗೆ ನೋವಾಯಿತು. ಆದರೂ ನನ್ನ ಮಗನ ವಿಷಯವನ್ನು ಹೇಳಬೇಕೆನಿಸಿದೆ. ಅವನು ವಸತಿ ಕಾಲೇಜಿನಲ್ಲಿಯೇ ಓದಿ, ನೀಟ್ ಬರೆದು, ಈಗ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿದ್ದಾನೆ. ಅವನು ಏಳನೆಯ ತರಗತಿಯಿಂದ ಡಾಕ್ಟರ್ ಆಗುತ್ತೇನೆ ಎನ್ನುತ್ತಿದ್ದವನು, ಆ ಎರಡು ವರ್ಷದ ಶಿಸ್ತನ್ನು ತಾನೇ ಬಯಸಿ ಹೋದವನು. ವೈದ್ಯಕೀಯವೇ ಬೇಕು ಎಂಬ ಹಟ ಮಗುವಿನಲ್ಲಿಯೇ ಇದ್ದರೆ, ಮನೆಯಲ್ಲಿ ಓದಲು ಪ್ರತ್ಯೇಕ ಜಾಗ ಇಲ್ಲದಿದ್ದರೆ, ಇಂಥ ಕಾಲೇಜು ನಿಜವಾಗಿಯೂ ಸಹಾಯ ಮಾಡುತ್ತದೆ. ಆ ಹಟ ತಂದೆತಾಯಿಯರದು ಮಾತ್ರ ಆಗಿದ್ದರೆ ಮಾಡುವುದಿಲ್ಲ.

ದ್ವಿತೀಯ ಪಿಯುಸಿ ಫಲಿತಾಂಶದಲ್ಲಿ ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳು ಹಲವು ವರ್ಷಗಳಿಂದ ಮುಂಚೂಣಿಯಲ್ಲಿರುವುದನ್ನು ನೋಡಿ, ಇಲ್ಲಿನ ಯಾವ ಕಾಲೇಜಿಗೆ ಸೇರಿಸಿದರೂ ಆಯಿತು ಎಂದು ಘಟ್ಟದ ಮೇಲಿನವರು ಭಾವಿಸುತ್ತಾರೆ. ಆ ಫಲಿತಾಂಶದಲ್ಲಿ ಇಲ್ಲಿನ ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳ ಮಕ್ಕಳೂ ಇದ್ದಾರೆ, ಮನೆಯಿಂದ ಬಸ್ಸಿನಲ್ಲಿ ಓಡಾಡಿ ಓದಿದವರೂ ಇದ್ದಾರೆ. ಜಿಲ್ಲೆಯ ಹೆಸರಿಗೆ ಹಣ ಕಟ್ಟಬೇಡಿ.

ಇನ್ನೊಂದು ಮಾತು. ಹಾಸ್ಟೆಲ್ ನೋಡಲು ನಿಮ್ಮ ಮನೆಯವರನ್ನೂ ಕರೆದುಕೊಂಡು ಹೋಗಿ. ಒಂದು ಕೋಣೆಯಲ್ಲಿ ಎಷ್ಟು ಮಂದಿ, ಶೌಚಾಲಯಗಳು ಎಷ್ಟು, ಮಗುವಿಗೆ ಜ್ವರ ಬಂದರೆ ಯಾರು ನೋಡಿಕೊಳ್ಳುತ್ತಾರೆ, ರಾತ್ರಿ ವಾರ್ಡನ್ ಅಲ್ಲಿಯೇ ಇರುತ್ತಾರೆಯೇ ಎಂಬುದನ್ನು ಅವರೇ ಕೇಳಿದರೆ ಒಳ್ಳೆಯದು.

ಉತ್ತರ 4: ತಿಪಟೂರಿನ ಚಾರ್ಟರ್ಡ್ ಅಕೌಂಟೆಂಟ್

ಈವರೆಗೆ ಉತ್ತರಿಸಿದವರೆಲ್ಲರೂ ವಿಜ್ಞಾನ ಎಂಬುದು ತೀರ್ಮಾನವಾಗಿಹೋಗಿದೆ ಎಂದು ಹಿಡಿದಂತಿದೆ. 582 ಅಂಕ ಬಂದರೆ ವಿಜ್ಞಾನ, 450 ಬಂದರೆ ವಾಣಿಜ್ಯ, ಅದಕ್ಕೂ ಕಡಿಮೆಯಾದರೆ ಕಲೆ ಎಂಬ ಏಣಿಯನ್ನು ನಾವು ಯಾಕೆ ಕಟ್ಟಿಕೊಂಡೆವೋ ನನಗೆ ತಿಳಿಯದು. ನನಗೂ ಎಸ್‌ಎಸ್‌ಎಲ್‌ಸಿಯಲ್ಲಿ ಗಣಿತಕ್ಕೆ ಒಳ್ಳೆಯ ಅಂಕ ಬಂದಿತ್ತು. ನಮ್ಮ ತಂದೆಯವರು ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರಾಗಿದ್ದರು. ಅವರ ಜೊತೆ ಕೂತು ಲೆಕ್ಕದ ಪುಸ್ತಕ ಬರೆಯುವುದು ನನಗೆ ಇಷ್ಟವಾಗಿದ್ದರಿಂದ, ಎಲ್ಲರ ವಿರೋಧದ ನಡುವೆ ವಾಣಿಜ್ಯ ವಿಭಾಗಕ್ಕೆ ಸೇರಿದೆ.

ಲೆಕ್ಕದಲ್ಲಿ ಚುರುಕಾದ ಹುಡುಗಿಗೆ ಸಂಖ್ಯಾಶಾಸ್ತ್ರ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ ಸೇರಿರುವ ಎಸ್‌ಇಬಿಎ ಸಂಯೋಜನೆ ಬಹಳ ಚೆನ್ನಾಗಿ ಒಗ್ಗುತ್ತದೆ. ದ್ವಿತೀಯ ಪಿಯುಸಿ ಮುಗಿದ ಕೂಡಲೇ ಸಿಎ ಫೌಂಡೇಷನ್ ಪರೀಕ್ಷೆ ಬರೆಯಬಹುದು. ತಲಾ 100 ಅಂಕದ ನಾಲ್ಕು ಪತ್ರಿಕೆಗಳಿರುತ್ತವೆ, ಪ್ರತಿಯೊಂದರಲ್ಲಿ 40 ಮತ್ತು ಒಟ್ಟಾರೆ ಶೇಕಡ 50 ಅಂಕ ಬೇಕು. ಅದಾದ ಮೇಲೆ ಇಂಟರ್‌ಮೀಡಿಯಟ್, ಆಮೇಲೆ ಆರ್ಟಿಕಲ್‌ಶಿಪ್ ಎಂಬ, ಸಿಎ ಒಬ್ಬರ ಕೈಕೆಳಗಿನ ಕೆಲಸದ ತರಬೇತಿ, ಕೊನೆಗೆ ಫೈನಲ್. ಆರ್ಟಿಕಲ್‌ಶಿಪ್ ಅವಧಿ ಈಗ ಮೂರು ವರ್ಷದಿಂದ ಎರಡು ವರ್ಷಕ್ಕೆ ಇಳಿದಿದೆ, ಆ ಅವಧಿಯಲ್ಲಿ ಸ್ವಲ್ಪ ಭತ್ಯೆಯೂ ಸಿಗುತ್ತದೆ. ಪರೀಕ್ಷೆ ಕಠಿಣ, ಇದನ್ನು ಮುಚ್ಚಿಡುವುದಿಲ್ಲ. ನಾನೇ ಫೈನಲ್‌ನಲ್ಲಿ ಎರಡು ಬಾರಿ ಅನುತ್ತೀರ್ಣಳಾದೆ. ಆದರೆ ಐದು ಲಕ್ಷದ ಸಾಲ ಎಲ್ಲಿಯೂ ಬೇಕಾಗಲಿಲ್ಲ.

ವಿಜ್ಞಾನಕ್ಕೆ ಹೋಗಬೇಡಿ ಎಂದು ನಾನು ಹೇಳುತ್ತಿಲ್ಲ. ವಿಜ್ಞಾನ ಓದಿದವರು ಮುಂದೆ ಬಿಕಾಂಗೂ ಕಾನೂನಿಗೂ ಬರಬಹುದು, ವಾಣಿಜ್ಯ ಓದಿದವರು ಮರಳಿ ಎಂಜಿನಿಯರಿಂಗ್‌ಗೆ ಹೋಗಲಾಗದು ಎಂಬುದೂ ನಿಜ. ಮಗಳಿಗೆ ಯಂತ್ರಗಳಲ್ಲಿ ಆಸಕ್ತಿ ಇದ್ದರೆ ಎಸ್‌ಎಸ್‌ಎಲ್‌ಸಿ ಆದ ಮೇಲೆ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ಡಿಪ್ಲೊಮಾ ಓದಿ, ಡಿಪ್ಲೊಮಾ ಮುಗಿಸಿದವರ ಪ್ರವೇಶ ಪರೀಕ್ಷೆಯಾದ ಡಿಸಿಇಟಿ ಬರೆದು ನೇರವಾಗಿ ಎಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೆ ಸೇರುವ ದಾರಿಯೂ ಇದೆ. ದಾರಿಗಳನ್ನು ಅವಳ ಮುಂದೆ ಇಡಿ, ಅವಳು ಏನು ಹೇಳುತ್ತಾಳೆ ಎಂದು ಕೇಳಿ.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ

ಎಲ್ಲರಿಗೂ ನನ್ನ ಕೃತಜ್ಞತೆಗಳು. ಉತ್ತರಗಳನ್ನು ಮಗಳಿಗೆ ಮತ್ತು ಮನೆಯವರಿಗೆ ಓದಿ ಹೇಳಿದೆ. ಈವರೆಗೆ ಸುಮ್ಮನೆ ಇದ್ದ ಮಗಳು ಆಮೇಲೆ ಬಾಯಿಬಿಟ್ಟಳು. ಡಾಕ್ಟರ್ ಆಗುವ ಆಸೆ ತನಗೆ ಯಾವತ್ತೂ ಇರಲಿಲ್ಲ, ಗಣಿತವನ್ನು ಬಿಡಲು ಇಷ್ಟವಿಲ್ಲ, ಎಂಜಿನಿಯರಿಂಗ್ ಆಗಬಹುದು, ಇಲ್ಲವಾದರೆ ಕೃಷಿ ಬಿಎಸ್ಸಿಯೂ ಇಷ್ಟ ಎಂದಳು. ನಮ್ಮ ತೋಟದಲ್ಲಿ ಮೂರು ವರ್ಷದಿಂದ ನುಸಿ ಹಾವಳಿ ಇದೆ, ಕೃಷಿ ಇಲಾಖೆಯವರು ಬಂದಾಗಲೆಲ್ಲ ಅವಳು ಪಕ್ಕದಲ್ಲಿ ನಿಂತು ಕೇಳುತ್ತಿದ್ದುದು ನನಗೆ ಆಗ ನೆನಪಾಯಿತು. ಹಾಸ್ಟೆಲ್‌ಗೆ ಹೋಗಲು ಭಯವೇ ಎಂದು ಕೇಳಿದೆ. ಭಯವಿಲ್ಲ, ಆದರೆ ಅಮ್ಮನ ಒಡವೆ ಅಡ ಇಟ್ಟು ಓದಿದರೆ ಪ್ರತಿ ಪರೀಕ್ಷೆಯಲ್ಲಿಯೂ ಅದೇ ನೆನಪಾಗುತ್ತದೆ ಎಂದಳು. ಮುಂಗಡ ಕಟ್ಟಲಿಲ್ಲ.

ನಿನ್ನೆ ಮೂವರೂ ಸರ್ಕಾರಿ ಕಾಲೇಜಿಗೆ ಹೋಗಿದ್ದೆವು. ಪ್ರಾಂಶುಪಾಲರು ಬಹಳ ಹೊತ್ತು ಮಾತನಾಡಿದರು. ಭೌತಶಾಸ್ತ್ರ, ಗಣಿತ, ಜೀವಶಾಸ್ತ್ರಗಳಿಗೆ ಖಾಯಂ ಉಪನ್ಯಾಸಕರಿದ್ದಾರೆ. ರಸಾಯನಶಾಸ್ತ್ರದ ಹುದ್ದೆ ಖಾಲಿ ಇದೆ, ಕಳೆದ ವರ್ಷ ಅತಿಥಿ ಉಪನ್ಯಾಸಕರು ಬಂದಾಗ ಜುಲೈ ಮುಗಿಯುತ್ತಿತ್ತು ಎಂದು ಅವರೇ ಮುಚ್ಚುಮರೆಯಿಲ್ಲದೆ ಹೇಳಿದರು. ಪ್ರಯೋಗಾಲಯದಲ್ಲಿ ದ್ವಿತೀಯ ಪಿಯುಸಿ ಮಕ್ಕಳು ಬರೆದಿಟ್ಟಿದ್ದ ವಾಚನಗಳ ಹಾಳೆಗಳು ಗೋಡೆಯ ಮೇಲಿದ್ದವು. ಈಗ ಉಳಿದಿರುವುದು ಎರಡು ಪ್ರಶ್ನೆಗಳು. ರಸಾಯನಶಾಸ್ತ್ರದ ಕೊರತೆಯನ್ನು ಹೇಗೆ ತುಂಬಿಕೊಳ್ಳಬೇಕು? ಎಂಜಿನಿಯರಿಂಗ್‌ಗೆ ಕಂಪ್ಯೂಟರ್ ಸೈನ್ಸ್ ಇರಲೇಬೇಕು ಎನ್ನುತ್ತಾರೆ, ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳ ಜೊತೆ ಜೀವಶಾಸ್ತ್ರ ಇರುವ ಪಿಸಿಎಂಬಿ ತೆಗೆದುಕೊಳ್ಳಬೇಕೋ, ಕಂಪ್ಯೂಟರ್ ಸೈನ್ಸ್ ಇರುವ ಪಿಸಿಎಂಸಿಯೋ?

ಉತ್ತರ 5: ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ

ಮಗಳು ಹೇಳಿದ್ದನ್ನು ಓದಿ ಬಹಳ ಸಂತೋಷವಾಯಿತು. ಅವಳು ಹೇಳಿದ ಮಾತಿನಲ್ಲಿಯೇ ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರವಿದೆ. ಕೃಷಿ ಬಿಎಸ್ಸಿಗೆ ಜೀವಶಾಸ್ತ್ರ ಬೇಕೇ ಬೇಕು. ಎಂಜಿನಿಯರಿಂಗ್‌ಗೆ, ಅದರಲ್ಲಿ ಕಂಪ್ಯೂಟರ್ ಸೈನ್ಸ್ ವಿಭಾಗಕ್ಕೂ ಸಹ, ಪಿಯುಸಿಯಲ್ಲಿ ಕಂಪ್ಯೂಟರ್ ಸೈನ್ಸ್ ಓದಿರಬೇಕೆಂಬ ನಿಯಮವಿಲ್ಲ. ಸಿಇಟಿಯಲ್ಲಿ ಎಂಜಿನಿಯರಿಂಗ್‌ಗೆ ಲೆಕ್ಕಕ್ಕೆ ಬರುವುದು ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳು ಮಾತ್ರ. ಆದ್ದರಿಂದ ಪಿಸಿಎಂಬಿ ತೆಗೆದುಕೊಂಡರೆ ಎರಡೂ ಬಾಗಿಲುಗಳು ತೆರೆದಿರುತ್ತವೆ. ಜೀವಶಾಸ್ತ್ರದಲ್ಲಿ ಓದು ಹೆಚ್ಚು, ಚಿತ್ರಗಳೂ ಹೆಚ್ಚು, ಹೊಸ ಇಂಗ್ಲಿಷ್ ಪದಗಳಂತೂ ಬಹಳ. ಇದನ್ನು ಮೊದಲೇ ತಿಳಿದು ಒಪ್ಪಿಕೊಳ್ಳಲಿ. ಕೃಷಿ ಕೋರ್ಸುಗಳಲ್ಲಿ ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆಯನ್ನೂ ನಡೆಸುತ್ತಾರೆ. ತೋಟದಲ್ಲಿ ನಿಂತು ಕೇಳಿಸಿಕೊಂಡದ್ದು ಅಲ್ಲಿ ಉಪಯೋಗಕ್ಕೆ ಬರುತ್ತದೆ.

ರಸಾಯನಶಾಸ್ತ್ರದ ಬಗ್ಗೆ ನಾನು ಲಘುವಾಗಿ ಹೇಳಲಾರೆ, ಏಕೆಂದರೆ ಅದು ನಿಜವಾದ ಕೊರತೆ. ಊರಿನಲ್ಲಿಯೋ ಪಕ್ಕದಲ್ಲಿಯೋ ವಿಜ್ಞಾನ ವಿಭಾಗವಿರುವ ಅನುದಾನಿತ ಕಾಲೇಜು ಇದ್ದು, ಶುಲ್ಕ ನಿಮಗೆ ಎಟಕುವಂತಿದ್ದರೆ, ಅದನ್ನೂ ಇದೇ ಪ್ರಶ್ನೆಗಳೊಂದಿಗೆ ನೋಡಿ ಬಂದು ಹೋಲಿಸಿ. ಸರ್ಕಾರಿ ಕಾಲೇಜಿಗೇ ಸೇರಿಸುವುದಾದರೆ ಜೂನ್, ಜುಲೈ ತಿಂಗಳುಗಳಿಗೆ ಮಾತ್ರ ರಸಾಯನಶಾಸ್ತ್ರವೊಂದಕ್ಕೆ ಮನೆಪಾಠ ಏರ್ಪಡಿಸಿ. ಮೋಲ್ ಪರಿಕಲ್ಪನೆ ಮತ್ತು ಪರಮಾಣು ರಚನೆ, ಈ ಎರಡು ಪಾಠಗಳು ಮೊದಲಲ್ಲಿಯೇ ಗಟ್ಟಿಯಾದರೆ ಮುಂದಿನವು ಅವುಗಳ ಮೇಲೆ ನಿಲ್ಲುತ್ತವೆ. ಪ್ರಥಮ ಪಿಯುಸಿಗೆ ರಾಜ್ಯಮಟ್ಟದ ಪಬ್ಲಿಕ್ ಪರೀಕ್ಷೆ ಇಲ್ಲವೆಂದು ಆ ವರ್ಷವನ್ನು ಸಡಿಲ ಬಿಡುವವರು ಬಹಳ ಮಂದಿ. ಸಿಇಟಿಯಲ್ಲಿ ಎರಡೂ ವರ್ಷದ ಪಾಠಗಳಿಂದ ಪ್ರಶ್ನೆಗಳು ಬರುತ್ತವೆ ಎಂಬುದನ್ನು ಅವಳು ಮರೆಯದಿರಲಿ. ಸರ್ಕಾರಿ ಬಸ್ಸಿನಲ್ಲಿ ಶಕ್ತಿ ಯೋಜನೆಯಿಂದ ಅವಳ ಪ್ರಯಾಣಕ್ಕೆ ಖರ್ಚಿಲ್ಲ. ಉಳಿದ ಹಣದಲ್ಲಿ ಸಣ್ಣದೊಂದು ಪಾಲು ದ್ವಿತೀಯ ಪಿಯುಸಿ ಪರೀಕ್ಷೆಯ ನಂತರದ ಸಿಇಟಿ ಕ್ರ್ಯಾಶ್ ಕೋರ್ಸ್‌ಗೆ ಇರಲಿ.

ಈಗ ತರಗತಿ ಶುರುವಾಗುವವರೆಗೆ ಅವಳಿಗೆ ಒಂದು ಕೆಲಸ ಕೊಡುತ್ತೇನೆ. ಇನ್ನೂರು ಪುಟದ ಒಂದು ನೋಟ್‌ಬುಕ್ ತೆಗೆದುಕೊಂಡು, ಪ್ರತಿ ಪುಟದ ನಡುವೆ ಗೆರೆ ಎಳೆಯಲಿ. ಎಡಕ್ಕೆ ತನ್ನ ಹತ್ತನೆಯ ತರಗತಿಯ ವಿಜ್ಞಾನ ಮತ್ತು ಗಣಿತ ಪುಸ್ತಕಗಳ ಪಾರಿಭಾಷಿಕ ಪದಗಳನ್ನು ಬರೆದು, ಬಲಕ್ಕೆ ಅದೇ ಪಾಠದ ಇಂಗ್ಲಿಷ್ ಮಾಧ್ಯಮದ ಪುಸ್ತಕದಿಂದ ಇಂಗ್ಲಿಷ್ ಪದವನ್ನು ಬರೆಯಲಿ. ಎರಡೂ ಮಾಧ್ಯಮದ ಪಠ್ಯಪುಸ್ತಕಗಳು ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ದಿನಕ್ಕೆ ಹದಿನೈದು ಪದಗಳಾದರೆ ಸಾಕು. ನಾನು ಪಾಠ ಮಾಡುತ್ತಿದ್ದಾಗ ಕನ್ನಡ ಮಾಧ್ಯಮದ ಮಕ್ಕಳಿಂದ ಇದನ್ನು ಮಾಡಿಸುತ್ತಿದ್ದೆ, ಅವರಲ್ಲಿ ಕೆಲವರು ಆ ಪುಸ್ತಕವನ್ನು ಇಂದಿಗೂ ಇಟ್ಟುಕೊಂಡಿದ್ದಾರೆ.

ಅರ್ಜಿ ಕೊಡಲು ಹೋಗುವ ಮೊದಲು ಶಾಲೆಗೆ ಹೋಗಿ ವರ್ಗಾವಣೆ ಪತ್ರದ ಜೊತೆಗೆ ಇನ್ನೂ ಎರಡನ್ನು ಕೇಳಿ ಪಡೆಯಿರಿ. ಒಂದು ಗ್ರಾಮೀಣ ವ್ಯಾಸಂಗ ಪ್ರಮಾಣಪತ್ರ, ಇನ್ನೊಂದು ಕನ್ನಡ ಮಾಧ್ಯಮದ ವ್ಯಾಸಂಗ ಪ್ರಮಾಣಪತ್ರ. ಒಂದರಿಂದ ಹತ್ತನೆಯ ತರಗತಿಯವರೆಗೆ ಅವಳು ಎರಡು ಶಾಲೆಗಳಲ್ಲಿ ಓದಿರುವುದರಿಂದ ಎರಡೂ ಶಾಲೆಗಳ ಮುಖ್ಯ ಶಿಕ್ಷಕರಿಂದ ಬರೆಯಿಸಿಕೊಂಡು, ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಹಾಕಿಸಿಡಿ. ಎರಡು ವರ್ಷದ ನಂತರ ಸಿಇಟಿ ದಾಖಲೆ ಪರಿಶೀಲನೆಯ ಹೊತ್ತಿಗೆ ಇದಕ್ಕಾಗಿ ಓಡಾಡುವ ತಂದೆಯರನ್ನು ಬಹಳ ನೋಡಿದ್ದೇನೆ. ಅಷ್ಟರೊಳಗೆ ಮುಖ್ಯ ಶಿಕ್ಷಕರು ವರ್ಗವಾಗಿರುತ್ತಾರೆ, ಹಳೆಯ ದಾಖಲಾತಿ ಪುಸ್ತಕ ಹುಡುಕುವವರು ಯಾರೂ ಇರುವುದಿಲ್ಲ.